ಪಹಣಿಯ ಮಹಾಕೋಷ್ಟಕ ಮತ್ತು ಕಂತಿನ ತಿದ್ದುಪಡಿ

2007ರಲ್ಲಿ ಕೋಲಾರ ಜಿಲ್ಲೆಯಿಂದ ಚಿಕ್ಕಬಳ್ಳಾಪುರ ಜಿಲ್ಲೆಯು ಪ್ರತ್ಯೇಕವಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿ, ಗುಡಿಬಂಡೆ ಎಂಬ 6 ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದುವು. ಅಷ್ಟರಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರನ್ನು ಸೇರಿದ್ದುವು. ಈ ಪ್ರಸಂಗವನ್ನು ಉದಾಹರಣೆಯಾಗಿಟ್ಟುಕೊಂಡು, ಅತಿ ದೊಡ್ಡ ಕೋಷ್ಟಕಗಳ ಸಾಮೂಹಿಕ ತಿದ್ದುಪಡಿಯ ವಿಧಾನಗಳನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

ಮೊದಲನೆಯದಾಗಿ, ತಿದ್ದುಪಡಿಯೇ ಅವಶ್ಯವೆ ಎಂದು ಕೇಳಬೇಕು. ಜಿಲ್ಲೆಯ ಹೆಸರನ್ನು ಪ್ರತಿಯೊಂದು ಪಹಣಿಯ ಸಾಲಿನಲ್ಲಿಯೂ ಬರೆದಿದ್ದರೆ ಲಕ್ಷಾಂತರ ಸಾಲುಗಳನ್ನು ತಿದ್ದಬೇಕು. ಸಾಲಿನಲ್ಲಿ ತಾಲ್ಲೂಕಿನ ಸಂಕೇತವನ್ನು ಮಾತ್ರ ಬರೆದು, ಅದರ ಜಿಲ್ಲೆಯನ್ನು ಬೇರೊಂದು ಕೋಷ್ಟಕದಲ್ಲಿಟ್ಟಿದ್ದರೆ 6 ಸಾಲುಗಳನ್ನು ತಿದ್ದಿದರೆ ಸಾಕು.

ಆದರೆ ಎಲ್ಲ ತಿದ್ದುಪಡಿಗಳೂ ಹೀಗೆ ತಪ್ಪುವಂಥವಲ್ಲ. ವಿಸ್ತೀರ್ಣವನ್ನು ಎಕರೆ-ಗುಂಟೆಗಳಿಂದ ಹೆಕ್ಟೇರಿಗೆ ಬದಲಾಯಿಸಬೇಕಾದರೆ ಪ್ರತಿಯೊಂದು ಸಾಲನ್ನೂ ಮುಟ್ಟಲೇಬೇಕು. ಒಂದೇ ಆಜ್ಞೆಯಿಂದ ಮಾಡಿದರೆ ‘ಎಲ್ಲವೂ ಆಗಬೇಕು, ಇಲ್ಲವೇ ಏನೂ ಆಗಬಾರದು’ ಎಂಬ ನಿಯಮವೇನೋ ಉಳಿಯುತ್ತದೆ. ಆದರೆ ಬದಲಾವಣೆಗಳ ದಾಖಲೆಯಾದ ಲಾಗ್ ಬೆಳೆದು ಡಿಸ್ಕನ್ನು ತುಂಬಬಹುದು. ನಡುವೆ ಕೆಟ್ಟರೆ ಮಾಡಿದ್ದನ್ನೆಲ್ಲ ಅಳಿಸುವುದಕ್ಕೂ ಬಹಳ ಹೊತ್ತು ಹಿಡಿಯುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಒಂದು ಆಜ್ಞೆ ಸುಮಾರು 5,000 ಲಾಕುಗಳನ್ನು ಪಡೆದರೆ ಅವು ಇಡೀ ಕೋಷ್ಟಕದ ಒಂದೇ ಲಾಕಾಗಿ ಮಾರ್ಪಡಬಹುದು. ಆಗ ಬೆಳೆಸಾಲಕ್ಕೆಂದು ಶಿಡ್ಲಘಟ್ಟದಲ್ಲಿ ಪಹಣಿ ಕೇಳಿದ ರೈತನೂ ಕಾಯಬೇಕಾಗುತ್ತದೆ.

ಆದುದರಿಂದ, 5,000ಕ್ಕಿಂತ ಕಡಿಮೆ ಸಾಲುಗಳ ಸಮಾನ ಕಂತುಗಳಲ್ಲಿ ತಿದ್ದಬೇಕೆಂಬುದು ರೂಢಿಯ ಉಪದೇಶ. ಇದನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಸಮಾನ ಕಂತು ಯಂತ್ರಕ್ಕೆ ಹಿತ. ಆದರೆ ಅದು ಒಂದು ಗ್ರಾಮವನ್ನು, ಕೆಲವೊಮ್ಮೆ ಒಂದೇ ಸರ್ವೆ ನಂಬರಿನ ಹಿಸ್ಸೆಗಳನ್ನೂ, ನಡುವೆ ಸೀಳುತ್ತದೆ. ಆಗ ಒಂದು ಹಿಸ್ಸೆ ಎಕರೆಯಲ್ಲಿ, ಮತ್ತೊಂದು ಹೆಕ್ಟೇರಿನಲ್ಲಿ. ಕೂಡಿದ ಮೊತ್ತ ಎರಡರದೂ ಅಲ್ಲ. ಕಂತಿನ ಎಲ್ಲೆಯು ಗ್ರಾಮದ ಎಲ್ಲೆಯೇ ಆಗಿರಬೇಕು. ಗ್ರಾಮಗಳ ಗಾತ್ರ ಸಮನಲ್ಲವೆಂಬ ಆಕ್ಷೇಪ ನಿಜ. ದೊಡ್ಡ ಗ್ರಾಮವನ್ನು ಸರ್ವೆ ನಂಬರುಗಳ ಅನುಕ್ರಮದಲ್ಲಿ ವಿಭಾಗಿಸಿ, ಹಿಸ್ಸೆಗಳನ್ನು ಒಟ್ಟಿಗೆ ಇಟ್ಟರಾಯಿತು.

ಇದಲ್ಲದೆ, ಕಂತು ಮುಗಿಯಿತೆಂಬ ಗುರುತನ್ನು ಆ ಕಂತಿನ ಟ್ರಾನ್ಸಾಕ್ಷನ್ನಿನ ಒಳಗೇ ಬರೆಯಬೇಕು. ಹೊರಗೆ ಬರೆದರೆ, ವಿದ್ಯುತ್ ನಿಂತು ಮತ್ತೆ ಆರಂಭಿಸಿದಾಗ ಅದೇ ಗ್ರಾಮ ಎರಡನೆಯ ಸಲ ತಿದ್ದಲ್ಪಡಬಹುದು. ಹೆಸರನ್ನು ಎರಡು ಸಲ ಬರೆದರೆ ಹಾನಿಯಿಲ್ಲ. ವಿಸ್ತೀರ್ಣವನ್ನು ಎರಡು ಸಲ ಪರಿವರ್ತಿಸಿದರೆ ರೈತನ ಜಮೀನು ಕಾಗದದ ಮೇಲೆ ಕುಗ್ಗಿಹೋಗುತ್ತದೆ. ಕಂತಿನ ಅಳತೆಯನ್ನು ಯಂತ್ರ ಹೇಳಲಿ. ಅದರ ಎಲ್ಲೆಯನ್ನು ಪಹಣಿಯ ಅರ್ಥವೇ ಹೇಳಬೇಕೆಂಬುದು ನಮ್ಮ ಅಭಿಪ್ರಾಯ.