ಉಂಗುರಗಳ ಕಾಲನಿರ್ಣಯ: ಗಣಕದ ಸಾಕ್ಷ್ಯವೂ ಸಂಶೋಧಕನ ತೀರ್ಪೂ

ಮರದ ಉಂಗುರಗಳನ್ನು ಎಣಿಸಿ ಅದರ ವಯಸ್ಸನ್ನು ಹೇಳಬಹುದೆಂಬುದು ಸರ್ವವಿದಿತವಾದ ಸಂಗತಿ. ಆದರೆ ಎಣಿಕೆ ಬೇರೆ, ಕಾಲನಿರ್ಣಯ ಬೇರೆ. ಪ್ರತಿಯೊಂದು ಉಂಗುರಕ್ಕೂ ಅದು ಬೆಳೆದ ವರ್ಷವನ್ನು ತಪ್ಪಿಲ್ಲದೆ ಗೊತ್ತುಪಡಿಸುವುದೇ ಈ ಶಾಸ್ತ್ರದ ಗುರಿ. ಈ ಕಾರ್ಯಕ್ಕೆ ಇಂದು ಬಳಕೆಯಲ್ಲಿರುವ ತಂತ್ರಾಂಶಗಳ ಗುಣದೋಷಗಳನ್ನು, ಮುಖ್ಯವಾಗಿ ‘ಕೊಫೆಚಾ’ ಎಂಬುದನ್ನು ಮುಂದಿಟ್ಟುಕೊಂಡು, ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ಬರಿಯ ಎಣಿಕೆ ಏಕೆ ಸಾಲದು? ತೀವ್ರ ಬರಗಾಲದ ವರ್ಷದಲ್ಲಿ ಮರವು ಕಾಂಡದ ಒಂದು ಮಗ್ಗುಲಲ್ಲಿ ಉಂಗುರವನ್ನೇ ಬೆಳೆಸದಿರಬಹುದು; ಬೆಳವಣಿಗೆಯು ನಡುವೆ ತಡೆದು ಮತ್ತೆ ಮುಂದುವರಿದರೆ ಒಂದೇ ವರ್ಷದಲ್ಲಿ ಎರಡು ಉಂಗುರಗಳಂತೆ ತೋರಬಹುದು. ಓಲೆಗರಿಯ ಪ್ರತಿಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಲಿಪಿಕಾರನು ಒಂದು ಪಂಕ್ತಿಯನ್ನು ಬಿಡುವುದೂ, ಬರೆದುದನ್ನೇ ಮತ್ತೆ ಬರೆಯುವುದೂ ಉಂಟಷ್ಟೆ. ಒಂದು ಪ್ರತಿಯ ಲೋಪವು ಇತರ ಪ್ರತಿಗಳಿಂದ ಹೊರಬೀಳುವಂತೆ, ಒಂದು ಮರದ ಲೋಪವು ಅದೇ ಪ್ರದೇಶದ ಇತರ ಮರಗಳೊಡನೆ ತಾಳೆ ನೋಡಿದಾಗ ಹೊರಬೀಳುತ್ತದೆ. ಈ ಕ್ರಮವನ್ನು ಶಾಸ್ತ್ರವಾಗಿ ಬೆಳೆಸಿದವನು ಅಮೆರಿಕದ ಖಗೋಳವಿಜ್ಞಾನಿ ಎ. ಇ. ಡಗ್ಲಸ್. ಅರಿಜೋನಾ ವಿಶ್ವವಿದ್ಯಾನಿಲಯದಲ್ಲಿ 1937ರಲ್ಲಿ ಅವನು ಸ್ಥಾಪಿಸಿದ ಪ್ರಯೋಗಾಲಯ ಇಂದಿಗೂ ಈ ವಿದ್ಯೆಯ ತವರು. ಕಿರಿದಾದ ಉಂಗುರಗಳನ್ನು ಪಟ್ಟಿಯ ಮೇಲೆ ಗೆರೆಗಳಾಗಿ ಗುರುತಿಸಿ, ಪಟ್ಟಿಗೆ ಪಟ್ಟಿಯನ್ನು ಜೋಡಿಸಿ ನೋಡುವುದು ಅವನ ಪದ್ಧತಿಯಾಗಿತ್ತು.

ಗಣಕವು ಬಂದಮೇಲೆ ಕಣ್ಣಿನ ಹೋಲಿಕೆಗೆ ಅಂಕೆಯ ಆಧಾರ ದೊರೆಯಿತು. 1973ರಲ್ಲಿ ಬೆಲ್ಫಾಸ್ಟಿನ ಬೈಲಿ ಮತ್ತು ಪಿಲ್ಚರ್ ಎಂಬವರು ಇಂತಹ ಒಂದು ಕ್ರಮವನ್ನು ಪ್ರಕಟಿಸಿದರು. 1983ರಲ್ಲಿ ಅರಿಜೋನಾದ ರಿಚರ್ಡ್ ಹೋಮ್ಸ್ ಕೊಫೆಚಾವನ್ನು ವಿವರಿಸಿದನು. ಇದು ಪ್ರತಿಯೊಂದು ಮರದ ಅಳತೆಗಳಿಂದ ನಿಧಾನವಾದ ಏರಿಳಿತಗಳನ್ನು ತೆಗೆದು, ಸಾಮಾನ್ಯವಾಗಿ 50 ವರ್ಷಗಳ ಖಂಡಗಳನ್ನಾಗಿ ಮಾಡಿ, ಒಂದೊಂದು ಖಂಡವನ್ನೂ ಉಳಿದ ಮರಗಳ ಸರಾಸರಿಯೊಡನೆ ಹೋಲಿಸುತ್ತದೆ. ಸಹಸಂಬಂಧಾಂಕವು 0.3281ಕ್ಕಿಂತ ಕಡಮೆಯಾದರೆ ಆ ಖಂಡಕ್ಕೆ ಒಂದು ಗುರುತನ್ನಿಡುತ್ತದೆ. ಹತ್ತು ವರ್ಷಗಳವರೆಗೆ ಹಿಂದಕ್ಕೋ ಮುಂದಕ್ಕೋ ಜರುಗಿಸಿದಾಗ ಹೊಂದಿಕೆ ಹೆಚ್ಚಿದರೆ ಇನ್ನೊಂದು ಗುರುತನ್ನಿಡುತ್ತದೆ. ಒಂದು ಉಂಗುರ ತಪ್ಪಿಹೋದ ಎಡೆಯಿಂದ ಆಚೆಗಿನ ಖಂಡಗಳೆಲ್ಲ ಒಂದೇ ವರ್ಷ ಜರುಗಿರುವುದು ಆಗ ತಾನಾಗಿ ಕಾಣುತ್ತದೆ. ನೂರಾರು ಮಾದರಿಗಳಲ್ಲಿ ಎಲ್ಲಿ ಮತ್ತೆ ನೋಡಬೇಕೆಂಬುದನ್ನು ಇಷ್ಟು ಬೇಗ ತೋರಿಸುವ ಸಾಧನ ಮೊದಲು ಇರಲಿಲ್ಲ. ಇದು ಅದರ ಹಿರಿಮೆ.

ಆದರೆ ‘ಇಲ್ಲಿ ಸಂಶಯವುಂಟು’ ಎಂದು ಹೇಳಲು ರಚಿತವಾದ ಕ್ರಮವನ್ನು ‘ಇದೇ ವರ್ಷ’ ಎಂದು ಹೇಳಿಸಲು ಬಳಸುವುದು ಯುಕ್ತವಲ್ಲ. 0.3281 ಎಂಬ ಮಿತಿಯ ಅರ್ಥವಿಷ್ಟೆ: ಸಂಬಂಧವೇ ಇಲ್ಲದ ಎರಡು ಖಂಡಗಳು ನೂರಕ್ಕೆ ಒಂದು ಸಲ ಆಕಸ್ಮಿಕವಾಗಿ ಈ ಮಿತಿಯನ್ನು ದಾಟಬಲ್ಲವು. ಕಾಲ ತಿಳಿಯದ 50 ಉಂಗುರಗಳ ತುಂಡೊಂದನ್ನು ದೀರ್ಘವಾದ ಮಾಲೆಯ 1,000 ಸ್ಥಾನಗಳಲ್ಲಿ ಇಟ್ಟು ನೋಡಿದರೆ ಸುಮಾರು ಹತ್ತು ಸ್ಥಾನಗಳು ಹೀಗೆಯೇ ಒಪ್ಪಿಗೆಯಾಗಬೇಕು. ಅವುಗಳಲ್ಲಿ ಅತ್ಯಧಿಕವಾದ ಅಂಕವನ್ನಾರಿಸಿ ಅದನ್ನೇ ಕಾಲವೆಂದು ಸಾರುವುದು ನಿರ್ಣಯವಲ್ಲ, ಅದೃಷ್ಟಪರೀಕ್ಷೆ.

ಇದಕ್ಕಿಂತಲೂ ಸೂಕ್ಷ್ಮವಾದ ದೋಷವೊಂದುಂಟು. ಅಂಕವು ಕಡಮೆಯಾದೆಡೆ ‘ಇಲ್ಲೊಂದು ಉಂಗುರ ಲೋಪವಾಗಿರಬೇಕು’ ಎಂದು ಊಹಿಸಿ, ಮರವನ್ನು ಮತ್ತೆ ನೋಡದೆ ಸೊನ್ನೆಯೊಂದನ್ನು ಸೇರಿಸಿದರೆ ಅಂಕ ಏರುತ್ತದೆ. ಬಳಿಕ ಆ ಏರಿದ ಅಂಕವನ್ನೇ ತಿದ್ದುಪಡಿಗೆ ಪ್ರಮಾಣವಾಗಿ ತೋರಿಸಿದರೆ, ಅದು ಸಾಧ್ಯವನ್ನೇ ಸಾಧನವನ್ನಾಗಿ ಮಾಡಿಕೊಂಡಂತೆ. ಛಂದಸ್ಸು ಸರಿಯಾಗಲೆಂದು ಅಕ್ಷರವೊಂದನ್ನು ತುರುಕಿ, ಛಂದಸ್ಸು ಸರಿಯಾಗಿರುವುದರಿಂದ ಅಕ್ಷರವು ಮೂಲದ್ದೆನ್ನುವ ಸಂಪಾದಕನನ್ನು ನಾವು ಒಪ್ಪುವೆವೆ?

ಹಾಗೆಂದು ಕಣ್ಣೊಂದೇ ಸಾಕೆಂದು ವಾದಿಸುವುದೂ ಸರಿಯಲ್ಲ. ಐಸ್‌ಲೆಂಡಿನ ಬಳಿ 2006ರಲ್ಲಿ ದೊರೆತ ‘ಆರ್ಕ್ಟಿಕಾ ಐಲ್ಯಾಂಡಿಕಾ’ ಎಂಬ ಜಾತಿಯ ಕಪ್ಪೆಚಿಪ್ಪೊಂದರ ವಯಸ್ಸು 405ರಿಂದ 410 ವರ್ಷಗಳೆಂದು 2007ರಲ್ಲಿ ಪ್ರಚಾರಗೊಂಡಿತು. ಚಿಪ್ಪಿನ ಕೀಲಿನೆಡೆ ಗೆರೆಗಳು ಬಹಳ ಒತ್ತಾಗಿದ್ದುದರಿಂದ ಎಣಿಕೆ ತಪ್ಪಿತ್ತು. ಹೊರ ಅಂಚಿನ ಗೆರೆಗಳನ್ನು ಪರಿಶೀಲಿಸಿ, ಇತರ ಚಿಪ್ಪುಗಳ ಮಾಲೆಯೊಡನೆ ತಾಳೆ ನೋಡಿದಾಗ ಅದು 507 ವರ್ಷ ಬದುಕಿತ್ತೆಂದು 2013ರಲ್ಲಿ ಗೊತ್ತಾಯಿತು. ಸುಮಾರು ಒಂದು ನೂರು ವರ್ಷಗಳ ವ್ಯತ್ಯಾಸವನ್ನು ಸರಿಪಡಿಸಿದುದು ವಸ್ತುವಿನ ಪುನಃಪರೀಕ್ಷೆ ಮತ್ತು ಹೋಲಿಕೆ, ಇವೆರಡರ ಕೂಟ.

2008ರಲ್ಲಿ ಆಂಡ್ರೂ ಬನ್ ಪರಿಚಯಿಸಿದ ‘ಡಿಪಿಎಲ್‌ಆರ್’ ಎಂಬ ಕ್ರಮಸಂಗ್ರಹದ ವೈಶಿಷ್ಟ್ಯವೆಂದರೆ ಅದರ ಸೂತ್ರಗಳನ್ನು ಯಾರು ಬೇಕಾದರೂ ತೆರೆದು ಓದಬಹುದು. ಲೆಕ್ಕದ ಹೆಜ್ಜೆಗಳನ್ನು ಬರೆದಿಟ್ಟು ಇನ್ನೊಬ್ಬರು ಮತ್ತೆ ನಡೆಸಬಹುದು. ವಿಮರ್ಶೆಗೆ ಒಳಗಾಗಬಲ್ಲ ಸಾಧನವೇ ವಿದ್ಯೆಗೆ ಹಿತವಾದುದು.

ನಮ್ಮ ನಾಡಿನಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಉಷ್ಣವಲಯದ ಅನೇಕ ಮರಗಳಲ್ಲಿ ಉಂಗುರಗಳು ಸ್ಪಷ್ಟವಾಗಿರುವುದಿಲ್ಲ. ತೇಗವು ಸ್ಪಷ್ಟವಾದ ಉಂಗುರಗಳನ್ನು ಬೆಳೆಸುವುದರಿಂದ ಭಾರತದಲ್ಲಿ ಈ ಅಧ್ಯಯನಕ್ಕೆ ಮುಖ್ಯ ಆಧಾರವಾಗಿದೆಯಾದರೂ ಹುಸಿ ಉಂಗುರಗಳ ತೊಡಕು ಅದರಲ್ಲಿಯೂ ಇಲ್ಲದಿಲ್ಲ. ಹಳೆಯ ಮಳೆಗಾಲಗಳ ಇತಿಹಾಸವನ್ನು ಇಂತಹ ಮರಗಳಿಂದ ಓದುವಾಗ ಒಂದು ಉಂಗುರದ ತಪ್ಪು ಬರಗಾಲವನ್ನು ಸುಭಿಕ್ಷದ ವರ್ಷಕ್ಕೆ ಜರುಗಿಸಬಲ್ಲದು. ಆದಕಾರಣ ವಿದ್ಯಾರ್ಥಿಯು ಮೊದಲು ಮಸೂರದಿಂದ ಮರವನ್ನೋದಲಿ, ಪಟ್ಟಿಯನ್ನು ಕೈಯಾರೆ ಬರೆಯಲಿ, ಅನಂತರ ಗಣಕವನ್ನು ಕೇಳಲಿ. ಗಣಕವು ಸಂಶಯ ಹೇಳಿದೆಡೆ ಮತ್ತೆ ಮರಕ್ಕೇ ಮರಳಲಿ. ಪ್ರಕಟಣೆಯಲ್ಲಿ ಅಂಕದ ಜೊತೆಗೆ ಯಾವ ಉಂಗುರವನ್ನು ಏಕೆ ಸೇರಿಸಲಾಯಿತು, ಏಕೆ ಬಿಡಲಾಯಿತು ಎಂಬುದೂ ಇರಲಿ. ಕಾಲನಿರ್ಣಯದ ಹೊಣೆ ಗಣಕದ್ದಲ್ಲ, ಅದಕ್ಕೆ ರುಜು ಹಾಕುವವನದು.