ಅರಳಿದರೆ ಸಾಲದು, ಇಳಿಯಬೇಕು

ಹ್ಯೂಸ್ಟನ್‌ನಲ್ಲಿರುವ ಓದುಗರೊಬ್ಬರು ಮನೆಯ ರಕ್ಷಣೆಗೆಂದು 9 ಎಂಎಂ ಪಿಸ್ತೂಲು ಕೊಂಡಿದ್ದಾರೆ. ಅದಕ್ಕೆ ಯಾವ ಹಾಲೋ ಪಾಯಿಂಟ್, ಅಂದರೆ ಮೂತಿಯಲ್ಲಿ ಕುಳಿಯಿರುವ ಗುಂಡು, ತುಂಬಲಿ ಎಂಬುದು ಅವರ ಪ್ರಶ್ನೆ. ಅಂಗಡಿಗೆ ಹೋದರೆ ಒಂದು ಗೋಡೆಯಷ್ಟು ಡಬ್ಬಿಗಳು, ಒಂದೊಂದಕ್ಕೂ ರಣಕಹಳೆ ಊದುವ ಹೆಸರು, ಮೇಲೆ ಬೆಂಕಿಯ ಚಿತ್ರ. ಡಬ್ಬಿಯ ಮುಖ ನೋಡಿ ಗುಂಡು ಕೊಳ್ಳಬೇಡಿ, ಬೆನ್ನು ತಿರುಗಿಸಿ ನೋಡಿ. ಎಷ್ಟು ಗ್ರೇನ್ ತೂಕ, ಎಷ್ಟು ವೇಗ, ಆ ವೇಗ ಅಳೆದದ್ದು ಎಷ್ಟುದ್ದದ ನಳಿಕೆಯಲ್ಲಿ: ಈ ಮೂರು ಸಂಗತಿ ಅಲ್ಲಿವೆಯೇ ಹುಡುಕಿ.

ಫೆಡರಲ್ ಕಂಪನಿಯ ಎಚ್‌ಎಸ್‌ಟಿ ತೋಟಾ ಒಂದನ್ನು ಬೆಳಕಿಗೆ ಹಿಡಿದು ನೋಡಿ. ನಿಕಲ್ ಲೇಪದ ಬಿಳಿ ಕವಚ. ಗುಂಡಿನ ಮೂತಿಯಲ್ಲಿ ಅಗಲವಾದ ಕುಳಿ, ಅದರ ಅಂಚಿನ ತಾಮ್ರದ ಹೊದಿಕೆಯಲ್ಲಿ ಮೊದಲೇ ಗೀರಿಟ್ಟ ಸೀಳುಗಳು. ನೀರಿನಂಶ ತುಂಬಿದ ಮಾಂಸಖಂಡಕ್ಕೆ ಗುಂಡು ಹೊಕ್ಕಾಗ ಆ ಕುಳಿ ತುಂಬಿ, ಒಳಗಿನ ಒತ್ತಡ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಗೀರಿದ್ದಲ್ಲೆಲ್ಲ ಸೀಳಿಕೊಂಡು ಎಸಳುಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ. 9 ಮಿಲಿಮೀಟರ್ ಇದ್ದದ್ದು 15 ಮಿಲಿಮೀಟರಿನ ಆಸುಪಾಸಿಗೆ ಬರುತ್ತದೆ. ಅಗಲವಾದದ್ದು ಬೇಗ ನಿಲ್ಲುತ್ತದೆ, ಆಚೆ ಹಾದುಹೋಗಿ ಹಿಂದಿದ್ದವರಿಗೆ ತಗಲುವ ಸಂಭವ ಕಡಿಮೆ. ನ್ಯೂಯಾರ್ಕ್ ಪೊಲೀಸರು 1998ರಲ್ಲಿ ಹಾಲೋ ಪಾಯಿಂಟಿಗೆ ಬದಲಾಗುವುದಾಗಿ ಹೇಳಿದಾಗ ಮುಂದಿಟ್ಟ ಕಾರಣವೂ ಇದೇ.

ಆದರೆ ಅರಳುವಿಕೆಯೊಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂಬುದಕ್ಕೆ ಮಯಾಮಿ ಸಾಕ್ಷಿ. 1986ರ ಏಪ್ರಿಲ್ 11ರಂದು ಬ್ಯಾಂಕ್ ದರೋಡೆಕೋರರಾದ ಮೈಕೇಲ್ ಪ್ಲಾಟ್ ಮತ್ತು ವಿಲಿಯಂ ಮ್ಯಾಟಿಕ್ಸ್ ಅವರನ್ನು ಎಫ್‌ಬಿಐ ಅಡ್ಡಗಟ್ಟಿತು. ಏಜೆಂಟ್ ಜೆರ್ರಿ ಡವ್ ಹಾರಿಸಿದ ವಿಂಚೆಸ್ಟರ್ ಸಿಲ್ವರ್‌ಟಿಪ್, 115 ಗ್ರೇನ್ ಗುಂಡು, ಪ್ಲಾಟ್‌ನ ಬಲತೋಳನ್ನು ತೂರಿ ಎದೆಗೂ ಹೊಕ್ಕಿತು. ತಯಾರಕರು ಹೇಳಿದಂತೆಯೇ ಅರಳಿತು. ಅರಳಿದ್ದರಿಂದಲೇ ಹೃದಯ ಮುಟ್ಟುವ ಮೊದಲೇ ನಿಂತುಹೋಯಿತು. ಅಷ್ಟಾದ ಮೇಲೂ ಪ್ಲಾಟ್ ಗುಂಡು ಹಾರಿಸುತ್ತಲೇ ಹೋದ. ಡವ್ ಮತ್ತು ಇನ್ನೊಬ್ಬ ಏಜೆಂಟ್ ಬೆನ್ ಗ್ರೋಗನ್ ಸತ್ತರು, ಇನ್ನೂ ಐವರು ಏಜೆಂಟರು ಗಾಯಗೊಂಡರು. ಆ ದಿನ ಯೋಜನೆಯಿಂದ ಹಿಡಿದು ಆಯುಧದವರೆಗೆ ಎಡವಟ್ಟಾದದ್ದು ಹತ್ತಾರು. ಎಲ್ಲವನ್ನೂ ಆ ಒಂದು ಗುಂಡಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಇವತ್ತು ನಾವು ಗುಂಡು ಅಳೆಯುವ ಅಳತೆಗೋಲು ಹುಟ್ಟಿದ್ದು ಅಲ್ಲಿಂದಲೇ.

ಆ ಅಳತೆ ಇದು: ಮಾಂಸಖಂಡದ ಬದಲಿಗೆ ಇಟ್ಟ ಹತ್ತು ಶೇಕಡಾ ಜೆಲಟಿನ್ ಗಟ್ಟಿಯಲ್ಲಿ ಗುಂಡು ಕನಿಷ್ಠ 12 ಅಂಗುಲ ಇಳಿಯಬೇಕು, 18 ದಾಟಬಾರದು. ಕೇಳಿದವರೆಲ್ಲ ಮನುಷ್ಯನ ಎದೆ ಅಷ್ಟು ದಪ್ಪವೇ ಎಂದು ಹುಬ್ಬೇರಿಸುತ್ತಾರೆ. ಎದುರಿಗಿರುವವನು ಎದೆ ಚಾಚಿಕೊಂಡು ನಿಂತಿರುವುದಿಲ್ಲವಲ್ಲ! ಪಕ್ಕಕ್ಕೆ ತಿರುಗಿರುತ್ತಾನೆ, ಕೈ ಮುಂದೆ ಚಾಚಿರುತ್ತಾನೆ. ಪ್ಲಾಟ್‌ನ ತೋಳು ಅಡ್ಡ ಬಂದದ್ದು ಹಾಗೆಯೇ. ಎಫ್‌ಬಿಐ ಪರೀಕ್ಷೆಯಲ್ಲಿ ಉಕ್ಕಿನ ತಗಡು, ಪ್ಲೈವುಡ್, ಕಾರಿನ ಗಾಜೂ ಇವೆ. ಅವು ಪೊಲೀಸರ ತಲೆನೋವು. ಮನೆಯವರು ನೋಡಬೇಕಾದದ್ದು ಬರಿಯ ಜೆಲಟಿನ್ ಮತ್ತು ದಪ್ಪ ಬಟ್ಟೆ ಹೊದಿಸಿದ ಜೆಲಟಿನ್, ಇವೆರಡರ ಫಲಿತಾಂಶ. ಬಟ್ಟೆಯದ್ದೇ ನಿಜವಾದ ಪರೀಕ್ಷೆ. ಜೀನ್ಸಿನ ಚೂರು ಕುಳಿಯೊಳಗೆ ಸಿಕ್ಕಿಕೊಂಡರೆ ಬಾಯಿಗೆ ಅರಿವೆ ತುರುಕಿದ ಹಾಗೆ. ಗುಂಡು ಅರಳದೆ ಸಾದಾ ಗುಂಡಿನಂತೆ ಆಚೆ ತೂರಿಕೊಂಡು ಹೋಗುತ್ತದೆ. ಹಾರ್ನಡಿಯವರು ಕ್ರಿಟಿಕಲ್ ಡಿಫೆನ್ಸ್ ಗುಂಡಿನ ಕುಳಿಗೆ ಕೆಂಪು ಪಾಲಿಮರ್ ಬಿರಡೆ ತುಂಬಿರುವುದು ಈ ಕಾರಣಕ್ಕೆ, ಅಂದಕ್ಕಲ್ಲ.

ಅಂದಹಾಗೆ, ಇಡೀ ಜಗತ್ತು ಅರಳುವ ಗುಂಡಿಗೆಲ್ಲ ಕೊಟ್ಟ ಹೆಸರು ನಮ್ಮ ಕಲ್ಕತ್ತದ ಮಗ್ಗುಲಿನ ಡಂಡಂನದು. ಅಲ್ಲಿನ ಆರ್ಸೆನಲ್‌ನಲ್ಲಿ 1890ರ ದಶಕದಲ್ಲಿ ಬ್ರಿಟಿಷರು ಮೂತಿಯ ಹೊದಿಕೆ ಬಿಚ್ಚಿದ ರೈಫಲ್ ಗುಂಡು ತಯಾರಿಸಿದರು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂಥದ್ದನ್ನು ನಿಷೇಧಿಸಿತು. ಆ ನಿಷೇಧ ದೇಶದೇಶಗಳ ಕದನಕ್ಕೆ. ಪೊಲೀಸರಿಗೆ, ಮನೆಯವರಿಗೆ ಅನ್ವಯಿಸುವುದು ಅವರವರ ನೆಲದ ಕಾನೂನು. ಟೆಕ್ಸಾಸಿನಲ್ಲಿ ತಕರಾರಿಲ್ಲ. ನ್ಯೂಜೆರ್ಸಿಯ ಮಾತು ಬೇರೆ: ಹಾಲೋ ಪಾಯಿಂಟನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗಿಳಿಯುವುದಕ್ಕೆ ಕಟ್ಟುಪಾಡುಗಳಿವೆ. ಅಲ್ಲಿನ ಎಡಿಸನ್ ಊರಿನ ಕಡೆಯ ಕನ್ನಡಿಗರು ಕೊಳ್ಳುವ ಮೊದಲು ಇವತ್ತಿನ ನಿಯಮ ಓದಿಕೊಳ್ಳಲಿ, ಅಂಗಡಿಯವನ ಮಾತು ನಂಬಿ ಕೂರುವುದು ಬೇಡ.

ಸರಿ, ಹ್ಯೂಸ್ಟನ್ನಿನವರ ಪ್ರಶ್ನೆಗೆ ಬರೋಣ. ನಾಲ್ಕು ಅಂಗುಲದ ನಳಿಕೆಯಾದರೆ ಸ್ಪೀರ್ ಗೋಲ್ಡ್ ಡಾಟ್ ಅಥವಾ ಎಚ್‌ಎಸ್‌ಟಿ, 124 ಗ್ರೇನ್. ಕಂಪನಿಗಳು ಹೇಳುವ ವೇಗ ಎರಡಕ್ಕೂ ಸೆಕೆಂಡಿಗೆ 1150 ಅಡಿ. ಗೋಲ್ಡ್ ಡಾಟಿನಲ್ಲಿ ಸೀಸದ ತಿರುಳಿಗೆ ತಾಮ್ರ ಬೆಸೆದುಕೊಂಡಿರುವುದರಿಂದ ಹೊದಿಕೆ ಕಳಚಿಬೀಳುವ ಭಯ ಕಡಿಮೆ; ನನ್ನ ಒಲವು ಅತ್ತ. ಜೇಬಿಗಿಳಿಯುವ ಮೂರಂಗುಲದ ಪಿಸ್ತೂಲಾದರೆ ವೇಗ ಕುಗ್ಗುತ್ತದೆ, ಗಿಡ್ಡ ನಳಿಕೆಯಲ್ಲಿ ಪರೀಕ್ಷಿಸಿದ ಗುಂಡನ್ನೇ ಹುಡುಕಬೇಕು. ಇನ್ನು 9 ಎಂಎಂಗಿಂತ ದುರ್ಬಲವಾದ .380 ತೋಟಾದ ಗೋಳೇ ಬೇರೆ. ಅದರಲ್ಲಿ ಸಾಮಾನ್ಯವಾಗಿ ಅರಳಿದರೆ ಇಳಿಯುವುದಿಲ್ಲ, ಇಳಿದರೆ ಅರಳುವುದಿಲ್ಲ. ಎರಡನ್ನೂ ಕೊಡುತ್ತೇನೆಂದು ಹೇಳುವ ಡಬ್ಬಿಯನ್ನು ನಾನು ಕೈಯಲ್ಲಿ ಮುಟ್ಟುವುದಿಲ್ಲ. ಹಾಗೆಯೇ ಹಾಲೋ ಪಾಯಿಂಟ್ ಗೋಡೆ ದಾಟುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ಅಮೆರಿಕದ ಮನೆಗಳ ಜಿಪ್ಸಂ ಹಲಗೆ ಅದಕ್ಕೆ ಅಡ್ಡಿಯೇ ಅಲ್ಲ, ಆ ಪುಡಿ ಕುಳಿಗೆ ತುಂಬಿಕೊಂಡರೆ ಅರಳುವುದೂ ಇಲ್ಲ. ಆಚೆ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಎಲ್ಲಿ ನಿಂತು ಯಾವ ದಿಕ್ಕಿಗೆ ಗುರಿ ಹಿಡಿಯಬಹುದೆಂದು ಹಗಲಲ್ಲೇ ಯೋಚಿಸಿಡಿ.

ಗುಂಡು ಎಷ್ಟೇ ಹೆಸರುವಾಸಿಯಾಗಿರಲಿ, ನಿಮ್ಮ ಪಿಸ್ತೂಲು ಅದನ್ನು ನುಂಗಬೇಕು. ಅಗಲ ಬಾಯಿಯ ಗುಂಡು ಕೆಲವು ಪಿಸ್ತೂಲುಗಳ ಒಳದಾರಿಯಲ್ಲಿ ಮುಗ್ಗರಿಸುತ್ತದೆ. ಅಭ್ಯಾಸಕ್ಕೆ ಅಗ್ಗದ ಸಾದಾ ಗುಂಡು ಬಳಸಿ, ಆದರೆ ರಕ್ಷಣೆಗೆಂದು ಆರಿಸಿದ ಗುಂಡನ್ನೂ ಮೊದಲು ಕೆಲವು ಡಬ್ಬಿಯಷ್ಟು ಹಾರಿಸಿ ನೋಡಿ. ಒಮ್ಮೆ ಸಿಕ್ಕಿಕೊಂಡರೂ ಬೇರೆ ಗುಂಡು ನೋಡಿ. ದುಬಾರಿಯೆಂದು ಗೊಣಗುವವರು ಪಿಸ್ತೂಲಿನ ಬೆಲೆ ನೆನಪಿಸಿಕೊಳ್ಳಲಿ. ದಿನಾ ರಾತ್ರಿ ತುಂಬಿ ಬೆಳಿಗ್ಗೆ ಇಳಿಸುವ ರೂಢಿಯಿದ್ದರೆ, ಮ್ಯಾಗಜಿನ್ನಿನ ಮೇಲಿನ ಅದೇ ತೋಟಾ ಪದೇ ಪದೇ ಬಡಿತ ತಿಂದು ಗುಂಡು ಕವಚದೊಳಕ್ಕೆ ಕುಸಿಯಬಹುದು. ಒಳಗಿನ ಜಾಗ ಕಿರಿದಾದರೆ ಹಾರಿಸುವಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹೊಸದೊಂದರ ಪಕ್ಕ ನಿಲ್ಲಿಸಿ ಎತ್ತರ ಹೋಲಿಸಿ. ಕೂದಲೆಳೆಯಷ್ಟು ಗಿಡ್ಡವಾಗಿ ಕಂಡರೂ ಅದನ್ನು ಮತ್ತೆ ತುಂಬಬೇಡಿ, ಹಾರಿಸಲೂ ಬೇಡಿ. ಅಂಥ ತೋಟಾಗಳನ್ನು ಹಾಕಲು ಅನೇಕ ಶೂಟಿಂಗ್ ರೇಂಜುಗಳಲ್ಲಿ ಬೇರೆ ಡಬ್ಬವಿರುತ್ತದೆ.