ಭರವಸೆಯ ಭಾರ ಹೊತ್ತ ಎರಡನೆಯ ಆಟ

ರಾಕೆಟ್ಟನ್ನು ಕಟ್ಟುವ, ಅದು ಸಿಡಿದು ಬಿದ್ದರೆ ಮತ್ತೆ ಕಟ್ಟುವ ವಿಡಿಯೋ ಆಟವೊಂದು ಮೆಕ್ಸಿಕೋ ನಗರದ ಸ್ಕ್ವಾಡ್ ಸಂಸ್ಥೆಯಿಂದ 2011ರಲ್ಲಿ ಹೊರಬಂದಿತು. ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬುದು ಅದರ ಹೆಸರು. ಮೊದಮೊದಲು ಅದರಲ್ಲಿ ಚಂದ್ರನೂ ಇರಲಿಲ್ಲ. ಚಂದ್ರ ಬಂದ, ಗ್ರಹಗಳು ಬಂದವು. 2015ರ ಹೊತ್ತಿಗೆ ಆಟ ಪೂರ್ಣರೂಪ ತಾಳಿತು. ಕಕ್ಷೆ, ವೇಗ, ಇಂಧನಗಳ ಲೆಕ್ಕವನ್ನು ಪಠ್ಯಪುಸ್ತಕಕ್ಕಿಂತ ಸುಲಭವಾಗಿ ಮನಗಾಣಿಸುವ ಈ ಆಟದ ಕೀರ್ತಿ ಹಬ್ಬಿದ್ದು ಆಡಿದವರ ಬಾಯಿಂದ.

ಎರಡನೆಯ ಭಾಗದ ವಿಚಾರದಲ್ಲಿ ಈ ಕ್ರಮ ತಲೆಕೆಳಗಾಯಿತು. 2019ರ ಆಗಸ್ಟಿನಲ್ಲಿ ಅದನ್ನು ಘೋಷಿಸಿದಾಗ ಮೆರೆಸಿದ್ದು ಸೊಗಸಾಗಿ ಚಿತ್ರಿಸಿದ ಕಿರುಚಿತ್ರವನ್ನು. ಅನ್ಯ ನಕ್ಷತ್ರಗಳಿಗೆ ಪಯಣ, ಪರಗ್ರಹಗಳಲ್ಲಿ ವಸಾಹತು, ಹಲವರು ಕೂಡಿ ಆಡುವ ಅನುಕೂಲ ಇವು ಅದರ ಭರವಸೆಗಳು. 2020ಕ್ಕೆ ಬರಬೇಕಾದ ಆಟ 2023ರ ಫೆಬ್ರವರಿ 24ರಂದು, ಅಪೂರ್ಣ ಆವೃತ್ತಿಯಾಗಿ, ಸುಮಾರು 50 ಡಾಲರ್ ಬೆಲೆಗೆ ಬಂದಿತು. ಮೂರು ಭರವಸೆಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಅಷ್ಟೇ ಆಗಿದ್ದರೆ ಕಾಯಬಹುದಿತ್ತು. ಮೊದಲ ಆಟದಲ್ಲಿದ್ದ ವಿಜ್ಞಾನದ ವಿಭಾಗ, ವಾತಾವರಣಕ್ಕೆ ಮರಳುವ ನೌಕೆ ಕಾದು ಕೆಂಪಾಗುವ ವ್ಯವಸ್ಥೆ ಇವೂ ಮಾಯವಾಗಿದ್ದು, ಡಿಸೆಂಬರಿನವರೆಗೆ ಬರಲಿಲ್ಲ.

ದೊಡ್ಡದನ್ನು ಕಲ್ಪಿಸುವುದು ದೋಷವಲ್ಲ. ಆದರೆ ಡಂಗುರ ಸಾರಿದ ಬಳಿಕ ಕಲ್ಪನೆಯು ಸಾಲವಾಗುತ್ತದೆ. ಒಗ್ಗದ್ದನ್ನು ಕೈಬಿಡುವ ಸ್ವಾತಂತ್ರ್ಯ ಕೆಲಸಗಾರನಿಗೆ ಉಳಿಯುವುದಿಲ್ಲ. ಹೊಸಬರಿಗೆಂದು ರಚಿಸಿದ ಪಾಠಗಳು ಈ ಆಟದಲ್ಲಿ ನಿಜಕ್ಕೂ ಚೆನ್ನಾಗಿದ್ದವು. ಇಲ್ಲದ ನಕ್ಷತ್ರಗಳ ಗದ್ದಲದಲ್ಲಿ ಅವನ್ನು ಮೆಚ್ಚುವ ವ್ಯವಧಾನ ಯಾರಿಗಿತ್ತು?

ಇದಕ್ಕೆ ಪ್ರತಿಯಾಗಿ ಬೆಂಗಳೂರಿನದೇ ಒಂದು ‘ಎರಡನೆಯ ಭಾಗ’ವನ್ನು ನೋಡಬಹುದು. ಅದೇ 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಕೆಡೆಯಿತು. ಇಸ್ರೋ ಮುಂದಿನ ಯಾನದಲ್ಲಿ ಹೊಸ ಆಕರ್ಷಣೆಗಳನ್ನು ಪೇರಿಸಲಿಲ್ಲ. ಹಳೆಯ ಆರ್ಬಿಟರನ್ನೇ ನೆಚ್ಚಿಕೊಂಡಿತು, ಐದು ಎಂಜಿನ್ನುಗಳನ್ನು ನಾಲ್ಕಕ್ಕಿಳಿಸಿತು, ಕಾಲುಗಳನ್ನು ಗಟ್ಟಿಗೊಳಿಸಿತು, ಇಳಿಯುವ ಪ್ರದೇಶವನ್ನು ಹಿಗ್ಗಿಸಿತು. 2023ರ ಆಗಸ್ಟ್ 23ರಂದು ನೌಕೆ ಇಳಿದುದನ್ನು ನಿಯಂತ್ರಿಸಿದ ಪೀಣ್ಯದ ಕೇಂದ್ರ ಶ್ರೀರಾಂಪುರಕ್ಕೆ ಕೆಲವೇ ಮೈಲಿ ದೂರ.

ಆ ಶ್ರೀರಾಂಪುರದ ಇಕ್ಕಟ್ಟಾದ ಮನೆಗಳಲ್ಲಿ ಕಂತಿನ ಮೇಲೆ ತಂದ ಕಂಪ್ಯೂಟರು ಅಕ್ಕನ ಓದಿಗೂ ತಮ್ಮನ ಆಟಕ್ಕೂ ಒಂದೇ. ಈ ಆಟವೋ ದುಬಾರಿ ಗ್ರಾಫಿಕ್ಸ್ ಕಾರ್ಡುಗಳನ್ನು ಬಯಸಿ, ಅವುಗಳ ಮೇಲೂ ಮುಗ್ಗರಿಸಿತು. ಅಪೂರ್ಣವೆಂದು ಮೊದಲೇ ತಿಳಿಸಿತ್ತಲ್ಲ ಎಂಬ ಸಮಾಧಾನವುಂಟು. ಆದರೆ ಮುಂದೆ ಬರಲಿರುವ ಹಂತಗಳ ಪಟ್ಟಿಯನ್ನೂ ಜತೆಗೇ ಪ್ರಕಟಿಸಿತ್ತು. ಕೂಡಿಟ್ಟ ಕಾಸನ್ನು ತೆತ್ತ ಹುಡುಗ ಕೊಂಡದ್ದು ಆ ಪಟ್ಟಿಯನ್ನೇ.

ಮಾತು ಕೊಟ್ಟವರು ಬೇರೆ, ತೀರಿಸಬೇಕಾದವರು ಬೇರೆ ಆದದ್ದು ಇನ್ನೊಂದು ವ್ಯಥೆ. ಘೋಷಣೆಯ ಕಾಲದಲ್ಲಿ ಆಟ ಕಟ್ಟುತ್ತಿದ್ದ ಸ್ಟಾರ್ ಥಿಯರಿ ತಂಡ 2020ರಲ್ಲಿ ಕೆಲಸ ಕೈತಪ್ಪಿ ಮುಚ್ಚಿತು. ಆ ಹೊರೆಯನ್ನು ಇಂಟರ್‌ಸೆಪ್ಟ್ ಎಂಬ ಹೊಸ ತಂಡ ಹೊತ್ತಿತು. 2024ರಲ್ಲಿ ಒಡೆಯ ಸಂಸ್ಥೆ ಸಿಯಾಟಲ್‌ನಲ್ಲಿ 70 ಮಂದಿಯನ್ನು ಕೆಲಸದಿಂದ ಬಿಡಿಸುವುದಾಗಿ ಪ್ರಕಟಿಸಿ, ಆ ತಂಡವನ್ನೂ ಮುಚ್ಚಿತು. ಆಟದ ಬೆಳವಣಿಗೆ ಅಲ್ಲಿಗೆ ನಿಂತಿತು. ಮಾರಾಟ ಮಾತ್ರ ನಿಲ್ಲಲಿಲ್ಲ.